ಮೇ ಆರು ಜೂನ್ ಐದಾದ ಪಟ್ಟಿಯ ಬಗ್ಗೆ

ಪಟ್ಟಿ ಹೊರಡಿಸುವ ಮಾನ್ಯರೇ,

‘ಬರೆದ ಮಾತು ಓದುವ ಕಣ್ಣನ್ನು ತಾನೇ ಹುಡುಕಿಕೊಂಡು ಹೋಗುತ್ತದೆ’ ಎಂಬಂಥ ಒಂದು ಸಾಲನ್ನು ಎಂದೋ ಓದಿದ ನೆನಪು. ಯಾರದೆಂದು ಮರೆತಿದ್ದೇನೆ. ‘ಹೋಗುತ್ತದೆ’ ಎಂದಿತ್ತೋ ‘ಹೋಗಲಿ’ ಎಂದಿತ್ತೋ, ಅದೂ ಖಾತ್ರಿಯಿಲ್ಲ. ಎಂ.ಎ. ಓದುತ್ತಿದ್ದ ಕಾಲಕ್ಕೆ ಅದು ನಿಜವೆಂದು ನಂಬಿದ್ದೆ. ಈಗ ನಂಬುವುದಿಲ್ಲ. ನಿಮ್ಮ ಕಚೇರಿ ಏಪ್ರಿಲ್ ತಿಂಗಳಲ್ಲಿ ಬರೆದ ಒಂದು ತಾರೀಕು ಮಂಡ್ಯದಿಂದ ಹೊರಟು ಕೊಪ್ಪಕ್ಕೆ ಬಂತು, ಮದ್ದೂರಿಗೆ ಹೋಯಿತು, ಕೊನೆಗೆ ಮಳವಳ್ಳಿಗೂ ಹೋಯಿತು. ಹೋದಲ್ಲೆಲ್ಲ ಬೇರೆ ಬೇರೆ ರೂಪ ತಾಳಿತು. ಅದರಿಂದಾಗಿ ಐದು ವರ್ಷ ಒಂಬತ್ತು ತಿಂಗಳ ಒಂದು ಮಗು ಕಿವಿ ಕೇಳುವ ಅವಕಾಶವನ್ನು ಕಳೆದುಕೊಂಡಿದೆ. ನನ್ನ ದೂರು ಇಷ್ಟೇ. ಉಳಿದದ್ದು ವಿವರ.

ಮಗುವಿನ ಹೆಸರು ಅನು. ಮದ್ದೂರು ಕಡೆಯ ಕೊಪ್ಪದಲ್ಲಿ ನಮ್ಮ ಪಕ್ಕದ ಮನೆಯ ರೂಪ ಮತ್ತು ಹಾಲಿನ ವ್ಯಾನ್ ಓಡಿಸುವ ಮಹದೇವನ ಮಗಳು. ಹುಟ್ಟಿನಿಂದಲೂ ಕಿವಿ ಕೇಳುವುದಿಲ್ಲ. ಕಿವಿಯ ಹಿಂದೆ ಶಸ್ತ್ರಚಿಕಿತ್ಸೆ ಮಾಡಿ ಒಳಗೊಂದು ಯಂತ್ರ ಕೂರಿಸಿದರೆ ಕೇಳೀತು, ಕೇಳಿದರೆ ಮಾತೂ ಬಂದೀತು ಎಂದು ವೈದ್ಯರು ಹೇಳಿದ್ದರು. ಅದನ್ನು ಉಚಿತವಾಗಿ ಮಾಡಿಸಿಕೊಡುವ ಯೋಜನೆ ನಿಮ್ಮ ಕೈಯಲ್ಲಿದೆ. ಆರು ವರ್ಷ ತುಂಬುವುದರೊಳಗೆ ಆಗಬೇಕೆಂಬ ನಿಯಮವೂ ನಿಮ್ಮದೇ. ಅನುವಿಗೆ ಸೆಪ್ಟೆಂಬರಿನಲ್ಲಿ ಆರು ತುಂಬುತ್ತದೆ. ರೂಪ ಎರಡು ವರ್ಷ ಆ ಪರೀಕ್ಷೆ, ಈ ಪ್ರಮಾಣಪತ್ರ ಎಂದು ಮಂಡ್ಯಕ್ಕೆ ಅಲೆದಳು. ಏಪ್ರಿಲ್‌ನಲ್ಲಿ ಆಯ್ಕೆಪಟ್ಟಿ ಬಂದೇಬಿಟ್ಟಿತು.

ಬಂದದ್ದು ಹೇಗೆ ಎಂಬುದನ್ನು ತಾವು ದಯವಿಟ್ಟು ಗಮನವಿಟ್ಟು ಓದಬೇಕು. ಅಂಗನವಾಡಿಯ ವಾಟ್ಸಾಪ್ ಗುಂಪಿಗೆ ಅದೊಂದು ಕಡತವಾಗಿ ಬಂತು. ಪಿಡಿಎಫ್ ಅಲ್ಲ, ಫೋಟೊ ಅಲ್ಲ. ಹೆಸರಿನ ಕೊನೆಗೆ ಟಿಎಸ್‌ವಿ ಎಂಬ ಮೂರು ಅಕ್ಷರ. ಅಂಕಣಗಳ ನಡುವೆ ಗೆರೆಯಿಲ್ಲ, ಟ್ಯಾಬ್ ಕೀಲಿ ಒತ್ತಿದಾಗ ಬೀಳುವ ಖಾಲಿ ಜಾಗವಷ್ಟೇ ಇದೆ. ಕಣ್ಣಿಗೆ ಕಾಣದ ಗೆರೆ. ನಿಮ್ಮ ಪ್ರಕಟಣೆಗಳಲ್ಲಿ ಮತ್ತೆ ಮತ್ತೆ ಬರುವ ‘ಪಾರದರ್ಶಕತೆ’ ಎಂದರೆ ಇದೇ ಇರಬೇಕು.

ರೂಪಳ ಫೋನು ಅದನ್ನು ತೆರೆಯಲು ಒಪ್ಪಲಿಲ್ಲ. ತೆರೆಯುವಂಥ ಆ್ಯಪ್ ಇಲ್ಲವೆಂದು ತಿಳಿಸಿ ಸುಮ್ಮನಾಯಿತು. ನಮ್ಮ ಬೀದಿಯಲ್ಲಿ ಓದಲಾಗದ್ದು ಏನು ಬಂದರೂ ನನ್ನ ಬಳಿ ಬರುತ್ತದೆ. ನಾನು ಮಳವಳ್ಳಿಯ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವಳು. ಕಂಪ್ಯೂಟರಿಗೂ ಕಾವ್ಯಕ್ಕೂ ಏನು ಸಂಬಂಧ ಎಂದು ಬೀದಿಯವರು ಕೇಳುವುದಿಲ್ಲ. ಓದಿದವಳು ಎಂದ ಮೇಲೆ ಎಲ್ಲವನ್ನೂ ಓದಬೇಕು. ರೂಪ ಬಂದು ಫೋನನ್ನು ನನ್ನ ಕೈಗಿಟ್ಟು, “ಅಕ್ಕ, ಇದ್ರಲ್ಲಿ ನಮ್ಮನು ಅವ್ಳಾ ಅಂತ ವಸಿ ನೋಡೇಳಿ” ಎಂದಳು.

ನನ್ನ ಫೋನಿನಲ್ಲಿ ಅದು ತೆರೆಯಿತು. ಆದರೆ ನೂರಾರು ಮಕ್ಕಳ ಹೆಸರು, ಊರು, ಅಂಕಿ ಎಲ್ಲವೂ ಒಂದರ ಮೇಲೊಂದು ಬಿದ್ದು ಹುಲ್ಲಿನ ಮೆದೆಯಂತೆ ಕಂಡವು. ಹುಡುಕಿದಾಗ ಅನುವಿನ ಹೆಸರು ಸಿಕ್ಕಿತು. ರೂಪ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಹೆಸರಿನ ಆಸುಪಾಸಿನಲ್ಲಿ ನಾಲ್ಕಾರು ಅಂಕಿಗಳಿದ್ದವು. ‘6/5’ ಎಂಬುದೂ ಅವುಗಳಲ್ಲಿ ಒಂದು. ನಾನು ಅದನ್ನು ನೋಡಿದೆ ಮಾನ್ಯರೇ. ನೋಡಿ, ಮನೆಯ ನಂಬರೋ ವಾರ್ಡೋ ಇರಬೇಕು ಎಂದುಕೊಂಡೆ. ಯಾವತ್ತು ಹೋಗಬೇಕು ಎಂಬುದನ್ನು ಹೀಗೆ ಅಂದಾಜಿನಲ್ಲಿ ಹೇಳಬಾರದು, ದೊಡ್ಡ ಕಂಪ್ಯೂಟರಿನಲ್ಲಿ ತೆಗೆಸಿ ಕಾಗದದ ಮೇಲೆ ನೋಡೋಣ ಎಂದೆ. ಕಾಗದದ ಮೇಲೆ ಬಂದದ್ದು ನಿಜ ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಇದೆ. ನಮ್ಮ ಕಾಲೇಜಿಗೆ ಆಗ ರಜೆ, ಕಂಪ್ಯೂಟರ್ ಕೋಣೆಗೆ ಬೀಗ. ಹಾಗಾಗಿ ಇಬ್ಬರೂ ಬಸ್ಸು ಹತ್ತಿ ಮದ್ದೂರಿಗೆ ಹೋದೆವು.

ಬಸ್ ಸ್ಟ್ಯಾಂಡಿನ ಹತ್ತಿರ ಸಂತೋಷ್ ಎಂಬವರ ಜೆರಾಕ್ಸ್ ಅಂಗಡಿ. ನಲವತ್ತು ದಾಟಿದ ಮನುಷ್ಯ, ಹೊಸ ಕಂಪ್ಯೂಟರ್ ತಂದು ಆರು ತಿಂಗಳಾಗಿತ್ತು. ಕಡತ ನೋಡಿ ಮೊದಲು ತಲೆ ಕೆರೆದುಕೊಂಡರು. ಆಮೇಲೆ ಏನೋ ಮಾಡಿ ಎಕ್ಸೆಲ್‌ನಲ್ಲಿ ತೆರೆದರು. ಅಂಕಣಗಳು ಸಾಲಾಗಿ ನಿಂತವು. ಆದರೆ ಕನ್ನಡವೆಲ್ಲ ಮಾಯ. ಮಕ್ಕಳ ಹೆಸರಿದ್ದ ಜಾಗದಲ್ಲಿ ಟೋಪಿ ಹಾಕಿದ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಹನ್ನೆರಡು ಅಂಕಿಯ ಅರ್ಜಿ ಸಂಖ್ಯೆಗಳು ಕುಗ್ಗಿಹೋಗಿ, ಚುಕ್ಕಿಯೊಂದು, ‘ಇ’ ಎಂಬ ಇಂಗ್ಲಿಷ್ ಅಕ್ಷರವೊಂದು ಸೇರಿಕೊಂಡು, ಎಲ್ಲ ಮಕ್ಕಳಿಗೂ ಹೆಚ್ಚುಕಡಿಮೆ ಒಂದೇ ಸಂಖ್ಯೆ ಆಗಿತ್ತು. “ಸರ್ಕಾರ್‌ದೋರು ಎಲ್ರುನೂವೆ ಒಂದೇ ಸಮ ಮಾಡವ್ರೆ ಕಣಮ್ಮ” ಎಂದು ಸಂತೋಷ್ ನಕ್ಕರು. ನಾವೂ ನಕ್ಕೆವು. ಆಗ ನಗಬಹುದಾಗಿತ್ತು.

ಇಡೀ ಸಾಲಿನಲ್ಲಿ ಕೆಡದೆ ಉಳಿದಿದ್ದು ರೂಪಳ ಮೊಬೈಲ್ ನಂಬರು ಒಂದೇ. ಅದನ್ನು ಹಿಡಿದು ಅನುವಿನ ಸಾಲು ಪತ್ತೆ ಮಾಡಿದೆವು. ಕೊನೆಯ ಅಂಕಣದಲ್ಲಿ ಹಾಜರಾಗಬೇಕಾದ ದಿನ ಇತ್ತು. ಇಂಗ್ಲಿಷಿನಲ್ಲಿ ಜೂನ್ ಐದು. ಸಂದೇಹವೇ ಇಲ್ಲದಂತೆ ತಿಂಗಳ ಹೆಸರನ್ನೇ ಬರೆದಿತ್ತು. ನಾನು ಓದಿ ಹೇಳಿದೆ. ಸಂತೋಷ್ ಮುದ್ರಿಸಿಕೊಟ್ಟರು. ರೂಪ ಆ ಹಾಳೆಯನ್ನು ದೇವರ ಪಟದ ಪಕ್ಕ ಅಂಟಿಸಿ, ಜೂನ್ ಐದರ ಕೆಳಗೆ ಕುಂಕುಮದಲ್ಲಿ ಗೆರೆ ಎಳೆದಳು.

ನಿಮ್ಮವರು ಬರೆದಿದ್ದು ‘6/5’. ಮೇ ತಿಂಗಳ ಆರು. ಸಂತೋಷ್ ಅವರ ಕಂಪ್ಯೂಟರು ಬಂದಾಗಿನಿಂದಲೂ ಅಮೆರಿಕದ ಪದ್ಧತಿಯಲ್ಲಿತ್ತಂತೆ. ಆ ದೇಶದವರು ತಿಂಗಳನ್ನು ಮೊದಲು ಬರೆಯುತ್ತಾರಂತೆ. ಹೀಗಾಗಿ ಅದು ನಿಮ್ಮ ಆರನ್ನು ಜೂನ್ ಮಾಡಿ, ಐದನ್ನು ತಾರೀಕು ಮಾಡಿ, ಯಾರನ್ನೂ ಕೇಳದೆ ನೀಟಾಗಿ ಬರೆದುಬಿಟ್ಟಿತು. ಹದಿಮೂರು, ಹದಿನೆಂಟು, ಇಪ್ಪತ್ತನೇ ತಾರೀಕು ಸಿಕ್ಕ ಮಕ್ಕಳ ದಿನ ಬದಲಾಗಲಿಲ್ಲ, ಏಕೆಂದರೆ ಹದಿಮೂರನೇ ತಿಂಗಳು ಎಂಬುದು ಅಮೆರಿಕದಲ್ಲೂ ಇಲ್ಲ. ಪಟ್ಟಿಯೆಲ್ಲ ಸುಳ್ಳಾಗಿದ್ದರೆ ಯಾರಾದರೂ ಅನುಮಾನ ಪಡುತ್ತಿದ್ದರು. ಸರಿಯಾದವುಗಳ ನಡುವೆ ಕೂತ ಸುಳ್ಳನ್ನು ಯಾರು ಗುರುತಿಸಬೇಕಿತ್ತು? ಮೂರನೇ ತರಗತಿ ಓದಿದ ತಾಯಿಯೋ, ಕಾವ್ಯ ಓದಿಕೊಂಡ ನಾನೋ?

ಜೂನ್ ಐದರಂದು ರೂಪ, ಮಹದೇವ, ಅನು, ಅವರ ಜೊತೆ ನಾನು, ನಾಲ್ವರೂ ಮಂಡ್ಯಕ್ಕೆ ಬಂದೆವು. ಅನುವಿಗೆ ಹೊಸ ಲಂಗ. ನಿಮ್ಮ ಗುಮಾಸ್ತರು ಅರ್ಜಿ ನೋಡಿ, ಮೇ ಆರಕ್ಕೇ ಬರಬೇಕಿತ್ತು, ಆ ಜಾಗ ಮುಂದಿನ ಮಗುವಿಗೆ ಹೋಯಿತು ಎಂದರು. ನಾನು ಗೋಡೆಯಿಂದ ಬಿಡಿಸಿ ತಂದಿದ್ದ ಮುದ್ರಿತ ಹಾಳೆ ತೋರಿಸಿದೆ. ಅವರು ತಮ್ಮ ಪರದೆಯನ್ನೇ ನಮ್ಮ ಕಡೆ ತಿರುಗಿಸಿದರು. ಅಲ್ಲಿ ಮೇ ಆರು ಎಂದೇ ಇತ್ತು.

“ನಮ್ಮಲ್ಲಿ ಸರಿಯಾಗೇ ಓಪನ್ ಆಗುತ್ತಲ್ಲ ಮೇಡಂ” ಎಂದರು.

ಅವರು ಒರಟಾಗಿ ಹೇಳಲಿಲ್ಲ. ಪಾಪ, ಅವರಿಗೆ ಆಶ್ಚರ್ಯವೇ ಆಗಿತ್ತು. ಆದರೆ ಮಾನ್ಯರೇ, ನಿಮ್ಮಲ್ಲಿ ಸರಿಯಾಗಿ ತೆರೆಯುವ ಪಟ್ಟಿ ನಿಮಗೆ ಬೇಕಾದದ್ದೇ ಅಲ್ಲವಲ್ಲ? ನಿಮಗೆ ಅದರಲ್ಲಿರುವುದೆಲ್ಲ ಮೊದಲೇ ಗೊತ್ತು. ನಮ್ಮಲ್ಲಿ ತೆರೆಯಬೇಕಿತ್ತು. ಕೊಪ್ಪದ ಫೋನಿನಲ್ಲಿ ಒಂದು ಬಗೆ, ಮದ್ದೂರಿನ ಅಂಗಡಿಯಲ್ಲಿ ಇನ್ನೊಂದು, ನಿಮ್ಮ ಮೇಜಿನ ಮೇಲೆ ಮತ್ತೊಂದು. ರಜೆ ಮುಗಿದ ಮೇಲೆ ಮಳವಳ್ಳಿಯ ನಮ್ಮ ಕಾಲೇಜಿನಲ್ಲೂ ತೆರೆದು ನೋಡಿದೆ. ಅಲ್ಲಿಯೂ ಮೇ ಆರು ಬಂತು. ಕಾಲೇಜಿನ ಕೋಣೆಗೆ ಬೀಗ ಇಲ್ಲದಿದ್ದರೆ, ಆ ದಿನ ಮದ್ದೂರಿನ ಬಸ್ಸಿನ ಬದಲು ಮಳವಳ್ಳಿಯ ಬಸ್ಸು ಹತ್ತಿದ್ದರೆ, ಆ ಮಗು ಈಗ ಆಸ್ಪತ್ರೆಯಲ್ಲಿರುತ್ತಿತ್ತು. ಒಂದು ಮಗುವಿನ ಕಿವಿ ಯಾವ ಬಸ್ಸು ಹತ್ತಿದೆವು ಎಂಬುದರ ಮೇಲೆ ನಿಲ್ಲಬೇಕೆ?

ಇನ್ನೊಂದು ಮಾತು ಕೇಳಲೇಬೇಕು. ರೂಪಳ ಮೊಬೈಲ್ ನಂಬರು ಎಲ್ಲ ಕಂಪ್ಯೂಟರಿನಲ್ಲೂ ಸರಿಯಾಗಿತ್ತು. ಹತ್ತಕ್ಕೆ ಹತ್ತೂ ಅಂಕಿ. ಮೇ ಆರರಂದು ಮಗು ಬರಲಿಲ್ಲ ಎಂದು ಕಂಡಾಗ ಆ ಹತ್ತು ಅಂಕಿಯನ್ನು ಯಾರೂ ಒತ್ತಲಿಲ್ಲವೇಕೆ? ಇದನ್ನು ಗುಮಾಸ್ತರನ್ನೂ ಕೇಳಿದೆ. ಪಟ್ಟಿ ಕಳಿಸಿದ್ದೇವಲ್ಲ, ಒಬ್ಬೊಬ್ಬರಿಗೂ ಫೋನ್ ಮಾಡುವ ಪದ್ಧತಿಯಿಲ್ಲ ಎಂದರು. ಮತ್ತೆ ಆ ನಂಬರನ್ನು ಅರ್ಜಿಯಲ್ಲಿ ಕಡ್ಡಾಯ ಮಾಡಿದ್ದು ಯಾತಕ್ಕೆ ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ಮುಂದಿನ ಆಯ್ಕೆ ಜನವರಿಯಲ್ಲಂತೆ. ಅಷ್ಟರೊಳಗೆ ಅನುವಿಗೆ ಆರು ದಾಟಿರುತ್ತದೆ. ವಯಸ್ಸಿನ ಮಿತಿ ಸಡಿಲಿಸಿ ಎಂದು ಮಹದೇವನ ಹೆಸರಿನಲ್ಲಿ ಮನವಿ ಬರೆದುಕೊಟ್ಟೆ. ಉತ್ತರ ಬಂತು. ಹೇಗೆ ಬಂತು ಎಂದು ಊಹಿಸಬಲ್ಲಿರಾ? ಮನವಿಗಳ ಸ್ಥಿತಿಗತಿ ಎಂಬ ಹೆಸರಿನ ಇನ್ನೊಂದು ಟಿಎಸ್‌ವಿ ಕಡತ. ಅದರಲ್ಲಿ ಅನುವಿನ ಮುಂದೆ ‘ಅವಕಾಶವಿಲ್ಲ’ ಎಂದಿತ್ತು. ವಿಚಿತ್ರವೆಂದರೆ, ಈ ಒಂದು ಪದ ನನ್ನ ಫೋನಿನಲ್ಲೂ ಕಾಲೇಜಿನಲ್ಲೂ ಒಂದಿಷ್ಟೂ ಕೆಡದೆ ತೆರೆಯಿತು.

ತಪ್ಪಿನಲ್ಲಿ ನನ್ನ ಪಾಲಿದೆ. ‘6/5’ ಅನ್ನು ಕಣ್ಣಾರೆ ಕಂಡವಳು ನಾನು. ಅದನ್ನು ಬಿಟ್ಟು ಕಾಗದವನ್ನು ನಂಬಿದವಳೂ ನಾನು. ರೂಪ ನನ್ನನ್ನು ಒಂದು ಮಾತೂ ಅಂದಿಲ್ಲ. ಮೊದಲಿನಂತೆಯೇ ಹಿತ್ತಲ ಗೋಡೆಯ ಮೇಲಿಂದ ಸೊಪ್ಪು ಕೊಡುತ್ತಾಳೆ. ಅಂದಿದ್ದರೆ ಒಳ್ಳೆಯದಿತ್ತು. ಆದರೆ ನನ್ನ ಪಾಲನ್ನು ನಾನು ಒಪ್ಪಿಕೊಂಡ ಹಾಗೆ ತಮ್ಮ ಪಾಲನ್ನು ಒಪ್ಪಿಕೊಳ್ಳುವ ಒಂದು ಅಂಕಣ ತಮ್ಮ ಯಾವ ಪಟ್ಟಿಯಲ್ಲಾದರೂ ಇದೆಯೇ?

ಕೇಳುವುದು ಇಷ್ಟು. ಅನುವಿನ ಸರದಿಯನ್ನು ಅವಳಿಗೆ ಸೆಪ್ಟೆಂಬರಿನೊಳಗೆ ಹಿಂದಿರುಗಿಸಿ. ಇನ್ನು ಮುಂದೆ ಪಟ್ಟಿಯನ್ನು ಕಾಗದದಲ್ಲಿ ಮುದ್ರಿಸಿ ಆಯಾ ಊರಿನ ಅಂಗನವಾಡಿಯ ಗೋಡೆಗೆ ಅಂಟಿಸಿ. ತಿಂಗಳನ್ನು ಅಂಕಿಯಲ್ಲಿ ಬರೆಯದೆ ಹೆಸರಿನಲ್ಲಿ ಬರೆಯಿರಿ. ‘ಮೇ’ ಎಂದು ಬರೆಯಲು ಕನ್ನಡದಲ್ಲಿ ಒಂದೇ ಅಕ್ಷರ ಸಾಕು. ಬಾರದೆ ಹೋದ ಮಗುವಿನ ಮನೆಗೆ ಒಂದು ಫೋನ್ ಮಾಡಿ. ಇವುಗಳಲ್ಲಿ ಕೊನೆಯ ಮೂರನ್ನು ಎಂದಾದರೂ ಮಾಡಬಹುದು. ಮೊದಲನೆಯದನ್ನು ಮಾಡುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಇದು ಪತ್ರಿಕೆಯಲ್ಲಿ ಅಚ್ಚಾಗಿ ತಮ್ಮ ಮೇಜಿಗೆ ಬರುವ ಹೊತ್ತಿಗೆ ಸೆಪ್ಟೆಂಬರ್ ಎಷ್ಟು ದೂರವಿರುತ್ತದೋ ತಿಳಿಯದು.

ಇಂತಿ, ತಮ್ಮ ಪಟ್ಟಿಯನ್ನು ಗಟ್ಟಿಯಾಗಿ, ಸ್ಪಷ್ಟವಾಗಿ, ತಪ್ಪಾಗಿ ಓದಿ ಹೇಳಿದ
ವೀಣ, ಕೊಪ್ಪ

ಸಹಿ ಹಾಕಿದ ಮೇಲೆ ನಡೆದದ್ದನ್ನೂ ಸೇರಿಸುತ್ತೇನೆ. ಮಧ್ಯಾಹ್ನ ಅನುವಿನ ಅಜ್ಜಿ ಇಂದ್ರಮ್ಮ, ನಿದ್ದೆ ಹೋದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ನಮ್ಮ ಬಾಗಿಲಿಗೆ ಬಂದು, ಏನು ಬರೆದಿದ್ದೀಯ ಎಂದು ಕೇಳಿದರು. ಅವರಿಗೆ ಓದು ಬಾರದು. ಹೊಸ್ತಿಲ ಬಳಿ ನಿಂತೇ ಓದಿ ಹೇಳತೊಡಗಿದೆ. ಮಗು ಮಲಗಿದೆಯಲ್ಲ ಎಂದು ನನಗೆ ಗೊತ್ತಿಲ್ಲದೆಯೇ ದನಿ ತಗ್ಗಿತ್ತು. ನಾಲ್ಕು ಸಾಲು ಕೇಳಿ ಇಂದ್ರಮ್ಮ ತಡೆದರು.

“ಯಾಕವ್ವ ಪಿಸುಗುಡ್ತೀಯ? ಗಟ್ಯಾಗೇ ಓದು. ಮಗು ಏಳಕಿಲ್ಲ.”