ಬೀಗತಿಯ ಪಾಲಿನ ಸಲೈನು

ಜೇವರ್ಗಿ
ಶನಿವಾರ, ೨೨-೧೧-೨೦೨೫

ಮುದ್ದಿನ ಮಗಳು ಸಂಘಮಿತ್ರಾಗೆ ಅವ್ವನ ಜೈಭೀಮ್.

ಬೂಟು ಕಚ್ಚಿದ ಹಿಮ್ಮಡಿ ಮಾಯಿತೇ? ಬೆಳಗಿನ ಓಟಕ್ಕೆ ಮೊದಲು ಬಾಯಿಗೆ ಏನಾದರೂ ಹಾಕಿಕೊಳ್ಳುತ್ತೀಯೋ, ಬರಿಹೊಟ್ಟೆಯಲ್ಲೇ ಓಡಿಸುತ್ತಾರೋ? ಪೊಲೀಸ್ ತರಬೇತಿಯಲ್ಲಿ ಮೈ ಇಳಿಯುತ್ತದೆ ಎನ್ನುತ್ತಾರೆ. ನಿನ್ನ ಮೈಯಲ್ಲಿ ಇಳಿಯಲು ಏನು ಉಳಿದಿದೆ ಎಂಬುದೇ ನನ್ನ ಚಿಂತೆ. ಈ ಕಾಗದದ ಹಿಂದೆಯೇ ಒಂದು ಪಾರ್ಸೆಲ್ ಬರುತ್ತದೆ. ಖಡಕ್ ರೊಟ್ಟಿ ನಮ್ಮ ರೊಟ್ಟಿ ಕೇಂದ್ರದ್ದು, ಅದಕ್ಕೆ ನಂಚಿಕೊಳ್ಳಲು ಶೇಂಗಾ ಹಿಂಡಿ ನನ್ನ ಕೈಯದು. ಎರಡರಲ್ಲೂ ನಿನ್ನ ಅತ್ತೆಯ ಪಾಲಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಹೋದ ಸಲ ನಾನು ಕುಟ್ಟಿ ಕಳಿಸಿದ ಹಿಂಡಿ ತಿಂದು ನಿನ್ನ ಗೆಳತಿಯರ ಮುಂದೆ "ನಮ್ಮತ್ತಿ ಕೈರುಚಿನೇ ಬ್ಯಾರೆ" ಅಂದೆಯಂತೆ. ಸುದ್ದಿ ಇಲ್ಲಿಗೆ ಬಂದಿದೆ.

ಈಗ ವಿಷಯ. ಓದುವ ಮೊದಲು ಕೂತುಕೋ. ನಿನ್ನ ಅತ್ತೆ ಸುಮಂಗಲಾ ಚೆನ್ನಾಗಿದ್ದಾಳೆ. ಹೀಗೆ ಒತ್ತಿ ಬರೆಯುವುದಕ್ಕೆ ಕಾರಣ, ನಡುವೆ ಚೆನ್ನಾಗಿರಲಿಲ್ಲ. ಭಾನುವಾರ ನಿಮಗೆ ಸಿಗುವ ಆ ಚೂರು ಹೊತ್ತಿನ ಫೋನಿನಲ್ಲಿ "ಅವ್ವ ಮದುವಿಗಿ ಹೋಗ್ಯಾಳ" ಎಂದು ದಿಲೀಪ ನಿನಗೆ ಹೇಳಿದ್ದು ಸುಳ್ಳು. ಆಗ ಅವಳು ಕಲಬುರಗಿಯ ಆಸ್ಪತ್ರೆಯ ಐಸಿಯುದಲ್ಲಿದ್ದಳು. ಗಂಡನ ಮೇಲೆ ಸಿಟ್ಟಾಗಬೇಡ, ಸುಳ್ಳು ಹೇಳಲು ಅವನಿಗೆ ಬರುವುದೇ ಇಲ್ಲ. ಅಂದು ಅವನ ಧ್ವನಿ ನಡುಗಿತೆಂದು ಫೋನು ಕಸಿದುಕೊಂಡವಳು ನಾನು. ಕಸಿದುಕೊಂಡು ಹಲೋ ಅಂದರೆ ನೀನು ಕೇಳಿದ್ದೇನು? "ಅತ್ತಿ ಆರಾಮ್ ಅದಾಳಿಲ್ಲ?" ಫೋನು ಹಿಡಿದ ಅವ್ವ ಹೇಗಿದ್ದಾಳೆಂದು ಕೇಳುವಷ್ಟರಲ್ಲಿ ನಿಮ್ಮಲ್ಲಿ ಸೀಟಿ ಊದಿದರು. ಇರಲಿ. ಹೋದ ರಜೆಯಲ್ಲೂ ಹಾಗೇ ಆಯಿತು. ಬಸ್ಸಿಳಿದವಳು ನೇರ ನಿಂಬರ್ಗಾಕ್ಕೆ, ಅತ್ತೆಯ ಮನೆಗೆ ಹೋದೆ. ಜೇವರ್ಗಿಗೆ ಬಂದದ್ದು ತಿರುಗಿ ಹೋಗುವ ದಿನ. ಹೆಗಲ ಬ್ಯಾಗನ್ನೂ ಇಳಿಸಲಿಲ್ಲ. ನಾನು ಅದನ್ನು ಮರೆತವಳಲ್ಲ.

ಆದದ್ದು ಇಷ್ಟು. ನಿನ್ನ ಅತ್ತೆಗೆ ಉರಿಮೂತ್ರವಿತ್ತು, ಚಳಿಜ್ವರವಿತ್ತು, ಯಾರ ಮುಂದೂ ಬಾಯಿಬಿಡಲಿಲ್ಲ. ಅಂಗನವಾಡಿ ಟೀಚರಮ್ಮನಲ್ಲವೇ, ಊರ ಮಕ್ಕಳ ತೂಕ ನೋಡುವವಳಿಗೆ ತನ್ನ ಮೈ ನೋಡಿಕೊಳ್ಳಲು ಪುರುಸೊತ್ತೆಲ್ಲಿ? ನಮ್ಮ ಕಡೆಯ ರೂಢಿಯಂತೆ ಸುಸ್ತಿಗೆ ಊರಲ್ಲೇ ಒಂದು ಬಾಟ್ಲಿ ಸಲೈನು ಹಚ್ಚಿಸಿಕೊಂಡು ಮತ್ತೆ ಕೆಲಸಕ್ಕೆ ಹೋದಳಂತೆ. ಒಂದು ಬೆಳಿಗ್ಗೆ ಮಕ್ಕಳ ಮುಂದೆಯೇ ಏನೇನೋ ಬಡಬಡಿಸುತ್ತ ಕುಸಿದಳು, ಕೈಕಾಲು ತಣ್ಣಗೆ. ಅವಳ ತಮ್ಮ ಜಗದೇವ ಗಾಡಿಯಲ್ಲಿ ಹಾಕಿಕೊಂಡು ಆಳಂದಕ್ಕೆ ಒಯ್ದ, ಅಲ್ಲಿಯವರು ಕಲಬುರಗಿಗೆ ಓಡಿಸಿದರು. ನಿನ್ನ ಗಂಡ ಅಫಜಲಪುರದ ಕಡೆ ಎಲ್ಲೋ ಕರೆಂಟಿನ ಕಂಬದ ಮೇಲಿದ್ದ. ನಾನು ಹಿಟ್ಟಿನ ಕೈಯಲ್ಲೇ ಬಸ್ಸು ಹತ್ತಿದವಳು ಅವನಿಗಿಂತ ಮೊದಲು ಮುಟ್ಟಿದೆ.

ಮೂತ್ರದ ನಂಜು ರಕ್ತಕ್ಕೆ ಏರಿ ಬಿ.ಪಿ. ನೆಲಕಚ್ಚಿದೆ ಅಂದರು. ನೋಡುವವರು ಸೀಮಾ ಅಂತ ಡಾಕ್ಟರು, ನಿನ್ನದೇ ವಯಸ್ಸಿನ ಹುಡುಗಿ. ಏನು ಗಡಿಬಿಡಿ, ಏನು ಓಡಾಟ! ಎರಡೂ ಕೈಗೆ ಬಾಟ್ಲಿ. ತೊಟ್ಟಿಕ್ಕುವ ಬಾಟ್ಲಿಯಲ್ಲ, ಚೀಲ ಸುತ್ತಿ ಒತ್ತಿ ಒತ್ತಿ ಒಳಗೆ ಕಳಿಸುವುದು. ಜೊತೆಗೆ ನಂಜಿನ ಔಷಧಿ ಬೇರೆ. ಒಂದು ಖಾಲಿಯಾಗುವ ಮೊದಲೇ ಇನ್ನೊಂದು ತೂಗುಬೀಳುತ್ತಿತ್ತು. ನಿನ್ನ ಮುಂದೆ ಏನು ಮುಚ್ಚುಮರೆ, ನೋಡಿ ನನಗೆ ಹೊಟ್ಟೆ ಉರಿಯಿತು. ನಿನ್ನನ್ನು ಹೆತ್ತಾಗ ರಕ್ತ ಹರಿದು ಕಣ್ಣು ಮೇಲಾದ ನನಗೆ ಒಂದು ಬಾಟ್ಲಿಗೆ ಗತಿಯಿರಲಿಲ್ಲ. ನಿನ್ನಜ್ಜಿ ಬೆಲ್ಲದ ನೀರು ಕುಡಿಸಿ ಎಬ್ಬಿಸಿ ಕೂರಿಸಿದ್ದಳು. ಸುಮಂಗಲಾ ಮಲಗಿದರೆ ಇಡೀ ಆಸ್ಪತ್ರೆ ತುದಿಗಾಲಲ್ಲಿ ನಿಲ್ಲುತ್ತದೆ! ಕೆಲವರ ಜಾತಕವೇ ಹಾಗೆ. ಊರ ಮಂದಿ ಅವಳನ್ನು ಅಕ್ಕ ಅನ್ನುತ್ತಾರೆ, ನನ್ನನ್ನು ರೊಟ್ಟಿ ಮರೆಮ್ಮ ಅನ್ನುತ್ತಾರೆ.

ಮರುದಿನ ಬಾಟ್ಲಿ ನಿಂತುಬಿಟ್ಟವು. ಸಲೈನಿನ ಕಂಬ ಬೋಳು. ಒಂದು ಸಣ್ಣ ಸಿರಿಂಜು ಮಾತ್ರ ಯಂತ್ರದಲ್ಲಿ ಕೂತು ಇರುವೆ ನಡೆದಂತೆ ಔಷಧಿ ತಳ್ಳುತ್ತಿತ್ತು. ನಮ್ಮ ಕಡೆ ಬಾಟ್ಲಿ ನಿಂತಿತೆಂದರೆ ಏನರ್ಥ, ನಿನಗೆ ಗೊತ್ತಲ್ಲ? ಡಾಕ್ಟರು ಕೈಬಿಟ್ಟರು ಅಂತ. ಪಕ್ಕದ ಮಂಚದಲ್ಲಿ ವಾಂತಿಭೇದಿ ಆದ ಮಟಕಿ ಊರಿನ ಹೆಣ್ಣುಮಗಳೊಬ್ಬಳಿದ್ದಳು. ಅವಳ ಕಂಬ ಮಾತ್ರ ಕಾಯಿ ಬಿಟ್ಟ ಗಿಡದಂತಿತ್ತು. ಹೊರಗಿನ ಬೆಂಚಿನಲ್ಲಿ ಅವಳ ಅತ್ತೆ ಕೇಳಿಯೇಬಿಟ್ಟಳು: "ನಿಮ್ಮಾಕಿಗಿ ಬಾಟ್ಲಿ ಬಂದ್ ಮಾಡ್ಯಾರಲ್ರಿ, ಕೈ ಚೆಲ್ಲ್ಯಾರೇನ್ರಿ?" ಜಗದೇವನಿಗೆ ಕಿಡಿ ಹೊತ್ತಲು ಅಷ್ಟು ಸಾಕಾಯಿತು. "ಬಾಟ್ಲಿ ಹಚ್ಚಲಾರದ್ದು ಎಂಥಾ ದವಾಖಾನಿಲೇ ಇದು? ನಮ್ಮ ಮಂದಿ ಅಂತ ಹಿಂಗ ಮಾಡ್ತಾರೇನ? ಗಾಡಿ ತೆಳಗ ನಿಂತದ, ನಡೀಲೇ ದಿಲೀಪ, ಬ್ಯಾರೆ ಕಡಿ ಒಯ್ಯೂಣು." ದಿಲೀಪ ಅವನ ಮಾತಿಗೆ ಒಪ್ಪಿದ. ನಮ್ಮ ಜವಾಬ್ದಾರಿಯ ಮೇಲೆ ಒಯ್ಯುತ್ತೇವೆ ಎಂದು ಬರೆದುಕೊಡಲು ಪೆನ್ನೂ ತೆಗೆದ.

ಆಗ ಸೀಮಾ ಡಾಕ್ಟರು ನಮ್ಮನ್ನು ಮಂಚದ ಹತ್ತಿರ ಕರೆದರು. ತಲೆಯ ಕಡೆ ತಗ್ಗಿಸಿ, ನಿನ್ನ ಅತ್ತೆಯ ಎರಡೂ ಕಾಲನ್ನು ಕೈಯಾರೆ ಎತ್ತಿ ನರ್ಸಿಗೆ ಹಿಡಿಸಿದರು. ಎದೆಯ ಮೇಲೆ ಎದೆಬಡಿತ ತೋರಿಸುವ ಯಂತ್ರದ ಹಿಡಿಯಿಟ್ಟು ಪರದೆಯನ್ನೇ ನೋಡಿದರು. "ನೋಡ್ರಿ, ಕಾಲಾಗಿನ ರಕ್ತ ಎದಿಗಿ ಇಳೀತಂದ್ರ ಒಂದು ಬಾಟ್ಲಿ ಹಾಕಿದಂಗ. ಅಷ್ಟಾದ್ರೂ ಇವರ ಎದಿ ಜೋರ್ ಹೊಡೀಲಿಲ್ಲ ಅಂದ್ರ ಖರೇ ಬಾಟ್ಲಿ ಹಾಕಿದ್ರೂ ಉಪಯೋಗಿಲ್ಲ. ನಂಜಿನಿಂದ ರಕ್ತನಾಳ ಸಡ್ಲ ಬಿದ್ದಾವ, ಸೋರಾಕತ್ತಾವ. ನೀರು ಅವುರಾಗ ನಿಲ್ಲಂಗಿಲ್ಲ, ಪುಪ್ಪಸಕ್ಕ ಇಳಿದು ಉಸುರು ಕಟ್ತದ. ನಿನ್ನಿ ನೀರು ಬೇಕಿತ್ತು, ಕೊಟ್ಟೀವಿ. ಇವತ್ತು ನಾಳ ಬಿಗಿ ಮಾಡೂ ಔಷಧಿ ಬೇಕು, ಅದು ಈ ಸಿರಿಂಜಿನಾಗದ." ಜಗದೇವ ಮಾತ್ರ "ಅದೆಲ್ಲ ನಮಗ್ ಬ್ಯಾಡ್ರಿ, ಬಾಟ್ಲಿ ಹಚ್ತೀರೋ ಇಲ್ಲೋ?" ಎಂದು ಒಂದೇ ಪಟ್ಟು ಹಿಡಿದ.

ನಾನೇ ಅಡ್ಡ ನಿಂತೆ. "ಸಾಕ್ ಬಿಡ್ರಿ ಬೀಗರ. ನಿನ್ನಿ ಅಷ್ಟ್ ಕುಡದಾಳ, ಇನ್ನಾ ಎಷ್ಟ್ ಬೇಕ್ರಿ ಆಕಿಗಿ? ಡಾಕ್ಟರಮ್ಮ ಬ್ಯಾಡ ಅಂದ್ಮ್ಯಾಗ ಬ್ಯಾಡ. ಲೇ ದಿಲೀಪ, ಪೆನ್ ಒಳಗಿಡು." ಗಾಡಿ ಖಾಲಿ ಹೋಯಿತು. ಈಗ ನಿಂಬರ್ಗಾ ತುಂಬ ಒಂದೇ ಮಾತು: ಮರೆಮ್ಮ ಶಾಣ್ಯಾಕಿ, ಡಾಕ್ಟರ ಮಾತು ತಿಳಿದು ಬೀಗತಿಯ ಜೀವ ಉಳಿಸಿದಳು. ದಾರಿಯಲ್ಲಿ ಒಯ್ದಿದ್ದರೆ, ನೀರು ಹೆಚ್ಚಿಗೆ ಹೋಗಿದ್ದರೆ, ಉಳಿಯುತ್ತಿರಲಿಲ್ಲವಂತೆ. ನಿನಗಾದರೂ ನಿಜ ಹೇಳುತ್ತೇನೆ. ಡಾಕ್ಟರ ಮಾತಿನಲ್ಲಿ ನನಗೆ ತಿಳಿದದ್ದು ಕಾಲುಭಾಗ, ಉಳಿದ ಮುಕ್ಕಾಲು ಹೊಟ್ಟೆಕಿಚ್ಚು. ಅವಳ ಕಂಬಕ್ಕೆ ಇನ್ನೊಂದು ಬಾಟ್ಲಿ ಏರುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಅದರ ಮೇಲೆ ಆ ಕಾಲು! ಒಲೆಯ ಮುಂದೆ ಕುಕ್ಕರುಗಾಲಲ್ಲಿ ಬದುಕು ಸವೆಸಿದವಳು ನಾನು. ನನ್ನ ಕಾಲನ್ನು ಡಾಕ್ಟರು ಹಾಗಿರಲಿ, ನಿನ್ನಪ್ಪನೂ ಎತ್ತಿ ಹಿಡಿದವನಲ್ಲ. ಇದ್ದದ್ದು ಹೊಟ್ಟೆಕಿಚ್ಚೇ, ಕೆಲಸ ಮಾತ್ರ ಸರಿಯಾಯಿತು. ಹೊಗಳಿಕೆಯನ್ನು ಹಿಂದಿರುಗಿಸುವಷ್ಟು ದಡ್ಡಿ ನಾನಲ್ಲ.

ಆಮೇಲೆ ಮೆಲ್ಲಗೆ ಬಿ.ಪಿ. ಏರಿತು. ಸಿರಿಂಜಿನ ಔಷಧಿ ಇಳಿಸುತ್ತ ಬಂದರು. ನಿಂತುಹೋಗಿದ್ದ ಮೂತ್ರ ಮಂಚಕ್ಕೆ ಕಟ್ಟಿದ ಚೀಲದಲ್ಲಿ ಮತ್ತೆ ಕಂಡಾಗ ನರ್ಸುಗಳು, ಡಾಕ್ಟರು, ನಿನ್ನ ಗಂಡ ಎಲ್ಲರೂ ಲಾಟರಿ ಹೊಡೆದವರ ಹಾಗೆ ನಕ್ಕರು. ಮೂತ್ರಕ್ಕೂ ಇಷ್ಟು ಮರ್ಯಾದೆ ಸಿಗುವುದನ್ನು ನಾನು ನೋಡಿದ್ದು ಅಲ್ಲೇ. ನನ್ನ ಸರದಿ ಬಂದು ಒಳಗೆ ಹೋದೆ. ಒದ್ದೆ ಹತ್ತಿಯಿಂದ ಅವಳ ತುಟಿ ಒರೆಸುತ್ತಿದ್ದೆ, ಕಣ್ಣು ಬಿಟ್ಟಳು. ಮಾಸ್ಕಿನೊಳಗಿಂದ ಮೊದಲ ಮಾತು: "ನನ್ನ ಮಗಳಿಗಿ ಹೇಳಬ್ಯಾಡ್ರಿ. ಟ್ರೇನಿಂಗ್ ಬಿಟ್ಟು ಓಡಿ ಬರ್ತಾಳ." ನನ್ನ ಮಗಳಂತೆ! ಅವಳಿಗಿರುವುದು ಒಬ್ಬ ಮಗ, ಮಗಳೆಲ್ಲಿಂದ ಬಂದಳು? ಒಂಬತ್ತು ತಿಂಗಳು ಹೊತ್ತವಳು ಎದುರಿಗೆ ಹತ್ತಿ ಹಿಡಿದು ನಿಂತಿದ್ದೇನೆ. ಹತ್ತಿಯನ್ನು ಅಲ್ಲೇ ಒಗೆದು ಬರಬೇಕೆನ್ನಿಸಿತು. ಆದರೆ ಆ ಕಣ್ಣಲ್ಲಿ ಜೀವದ ಹೆದರಿಕೆ ಇರಲಿಲ್ಲ ಮಿತ್ರಾ, ಇದ್ದದ್ದು ನಿನ್ನ ನೌಕರಿಯ ಹೆದರಿಕೆ. "ಹೇಳಂಗಿಲ್ಲ ತಗೊ ಬೇ, ನಿನ್ನ ಮಗಳಿಗಿ ಹೇಳಂಗಿಲ್ಲ" ಅಂದೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ, ಇವತ್ತಿಗೂ ಎದೆಯಲ್ಲಿ ಮೆಣಸಿನಕಾಯಿ ಇಟ್ಟಂತಿದೆ.

ಮಾತು ಕೊಟ್ಟವಳು ಈಗ ಯಾಕೆ ಬರೆದೆ ಅಂತ ಕೇಳುತ್ತೀಯ. ಮಾತಿಗೂ ವಾಯಿದೆ ಇರುತ್ತದೆ. ಐಸಿಯುದಲ್ಲಿ ಕೊಟ್ಟ ಮಾತು ಐಸಿಯುದವರೆಗೆ. ಮೊನ್ನೆ ಡಿಸ್ಚಾರ್ಜ್ ಆಯಿತು, ನನ್ನ ವಾಯಿದೆಯೂ ಮುಗಿಯಿತು. ಇನ್ನು ಕೆಲವು ತಿಂಗಳು ಮೈಯಲ್ಲಿ ಶಕ್ತಿ ಇರುವುದಿಲ್ಲ, ಆದರೆ ಭಯವಿಲ್ಲ ಅಂದಿದ್ದಾರೆ. ನೀನು ಓಡಿ ಬರಬೇಡ. ಬಂದರೆ ಅವಳೂ ಬಯ್ಯುತ್ತಾಳೆ, ನಾನೂ ಬಯ್ಯುತ್ತೇನೆ. ನಾವಿಬ್ಬರೂ ಒಪ್ಪುವ ಮಾತು ಇದೊಂದೇ.

ಹೊತ್ತಿಗೆ ಸರಿಯಾಗಿ ಉಣ್ಣು. ಹೆಗಲ ಮೇಲೆ ಪಟ್ಟಿ ಬಿದ್ದ ದಿನ ನಿನ್ನ ಮುಂದೆ ಯಾವ ಬಡವರೂ ಕೈಕಟ್ಟಿ ನಿಲ್ಲುವಂತಾಗದಿರಲಿ, ಅದೇ ನನ್ನ ಆಶೀರ್ವಾದ. ನಿನ್ನ ಕೋಣೆಯ ಹುಡುಗಿಯರಿಗೂ ಒಂದೊಂದು ರೊಟ್ಟಿ ಕೊಡು, ಹಿಂಡಿ ಯಾರ ಕೈಯದೆಂದು ಹೇಳಿ ಕೊಡು.

ಇಂತಿ,
ನಿನ್ನನ್ನು ಹೆತ್ತ ಅವ್ವ
ಮರೆಮ್ಮ

ತಾ.ಕ.: ಅಂಚೆಗೆ ಹೊರಟವಳು ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಬಯ್ಯಬೇಡ. ಡಿಸ್ಚಾರ್ಜ್ ಆದ ನಿನ್ನ ಅತ್ತೆ ನಿಂಬರ್ಗಾಕ್ಕೆ ಹೋಗಿಲ್ಲ, ನಮ್ಮ ಮನೆಯಲ್ಲಿದ್ದಾಳೆ. ನನ್ನ ಮಂಚ ಅವಳಿಗೆ, ಚಾಪೆ ನನಗೆ. ಮರೆಮ್ಮನ ಮನಸ್ಸು ದೊಡ್ಡದು ಅಂತ ಮಂದಿ ಹೇಳುತ್ತಿದ್ದಾರೆ, ಹೇಳಲಿ. ಅವಳು ನಿಂಬರ್ಗಾದಲ್ಲಿ ಮಲಗಿದ್ದರೆ ರಜೆ ಸಿಕ್ಕ ಕೂಡಲೇ ನೀನು ಎಲ್ಲಿಗೆ ಓಡುತ್ತೀ ಅಂತ ನನಗೆ ಗೊತ್ತಿಲ್ಲವೇ? ಕಲಬುರಗಿಯಲ್ಲಿ ಇಳಿದು ಆಳಂದದ ಬಸ್ಸು ಹತ್ತಬೇಡ, ಜೇವರ್ಗಿ ಬಸ್ಸು ಹತ್ತು. ದಿಲೀಪನೂ ಕಂಬದ ಕೆಲಸಕ್ಕೆ ಅಫಜಲಪುರದ ಕಡೆ ತಿರುಗಿ ಹೋದ, ನಿಂಬರ್ಗಾದ ಮನೆಗೆ ಕೀಲಿ ಹಾಕಿದೆ. ಕೀಲಿಕೈ ನನ್ನ ಸೊಂಟದಲ್ಲಿದೆ.