ಯಾರೂ ಇಲ್ಲ, ನಾನೇ

ರಾತ್ರಿಯಪ್ಪನಿಗೆ ಹಗಲಪ್ಪನ ನಮಸ್ಕಾರ.

ಈ ಹೆಸರಿನಿಂದ ನಿನ್ನನ್ನು ಕರೆಯುವ ಯೋಗ್ಯತೆ ನನಗೆ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಬೇರೆ ಹೆಸರಿನಿಂದ ಕರೆದು ಅಭ್ಯಾಸವೂ ಇಲ್ಲ. ನಿನ್ನ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಇಲ್ಲಿಯವರೆಗೆ ಬಂದವನು ಬಾಯಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ನನ್ನ ಬಾಯಿಯ ಸಂಗತಿಯನ್ನು ನಿನ್ನೆ ನೋಡಿದೆಯಲ್ಲ. ಎದುರು ನಿಂತರೆ ನೀನು ಏನಾದರೂ ತಮಾಷೆ ಮಾಡಿ ಮಾತು ಹಾರಿಸಿಬಿಡುತ್ತೀಯ, ನಾನೂ ಬಚಾವಾದೆ ಅಂತ ನಕ್ಕುಬಿಡುತ್ತೇನೆ. ಅದಕ್ಕೇ ಬರೆದು ಕೈಗೆ ಕೊಡುವುದು ವಾಸಿ ಅನ್ನಿಸಿತು.

ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಇಷ್ಟು ವರ್ಷ ಊರೂರಲ್ಲಿ ಇದನ್ನು ತಪ್ಪಾಗಿ ಹೇಳಿದ್ದೇನೆ, ಒಮ್ಮೆಯಾದರೂ ನಿನ್ನ ಮುಂದೆ ಸರಿಯಾಗಿ ಹೇಳಬೇಕು.

ರೂಮು ನಿನ್ನದು. ಮಹಡಿಯ ಮೇಲಿದ್ದ ಮನೆ ಒಡತಿ, ನಮ್ಮ ಮೇಲಿನಮ್ಮ, ಬೀಗದ ಕೈ ಕೊಡುವಾಗಲೇ ನಿನಗೆ ಹೇಳಿದ್ದಳಂತೆ: "ಒಬ್ಬನೇ ಇರಬೇಕು. ಇನ್ನೊಬ್ಬನ ನೆರಳು ಕಂಡರೂ ಗಂಟುಮೂಟೆ ಹೊರಗೆ." ಅಂಥ ರೂಮಿಗೆ ನೀನು ನನ್ನನ್ನು ಕರೆದುಕೊಂಡು ಬಂದೆ. ನಾನೇನು ನಿನ್ನ ನೆಂಟನೇ, ಊರಿನವನೇ? ವಾಟರ್ ಫಿಲ್ಟರ್ ಮಾರುವುದಕ್ಕೆ ನಿಮ್ಮ ಬ್ರೆಡ್ ಕಾರ್ಖಾನೆಗೆ ಬಂದು, ಕಾವಲಿನವನ ಕೈಲಿ ಉಗಿಸಿಕೊಂಡು, ಗೇಟಿನ ಮುಂದೆ ಚೀಲದ ಮೇಲೆ ಕೂತು ಅಳುತ್ತಿದ್ದವನು. ಪಾಳಿಗೆ ಬರುತ್ತಿದ್ದ ನೀನು ನಿಂತು ನೋಡಿ, "ಅಳೋದಾದ್ರೆ ಸ್ವಲ್ಪ ಪಕ್ಕಕ್ಕೆ ಕೂತು ಅಳು ಮಾರಾಯ, ಲಾರಿ ಬರುತ್ತೆ" ಅಂದೆ. ನಮ್ಮ ಪರಿಚಯ ಆದದ್ದು ಹಾಗೆ.

ನಿನಗೆ ರಾತ್ರಿ ಪಾಳಿ, ನನಗೆ ಹಗಲೆಲ್ಲ ಬೀದಿ ಸುತ್ತುವ ಕೆಲಸ. ಒಂದೇ ಚಾಪೆ, ಒಂದೇ ದಿಂಬು. ನಾನು ಎದ್ದ ಚಾಪೆಯಲ್ಲಿ ನೀನು ಮಲಗುತ್ತಿದ್ದೆ. ದಿಂಬಿಗೆ ಮೈದಾ ಹಿಟ್ಟಿನ ವಾಸನೆ ಅಂತ ನಾನು ದೂರಿದರೆ, ನನ್ನ ತಲೆ ಎಣ್ಣೆಗಿಂತ ವಾಸಿ ಅನ್ನುತ್ತಿದ್ದೆ. ಮೇಲಿನಮ್ಮನಿಗೆ ಮಂಡಿನೋವು, ಕೆಳಗೆ ಇಳಿಯುತ್ತಿರಲಿಲ್ಲ. ಆದರೆ ಗೇಟು ಕಿರ್ ಅಂದರೆ ಸಾಕು, ಮೇಲಿನಿಂದ "ಯಾರದು?" ಅಂತ ಕೂಗುತ್ತಿದ್ದಳು. ನೀನು ಕಲಿಸಿಕೊಟ್ಟ ಉತ್ತರ ಒಂದೇ: "ಯಾರೂ ಇಲ್ಲಮ್ಮ, ನಾನೇ." ಬಂದವನು ನೀನಾದರೂ ಅದೇ, ನಾನಾದರೂ ಅದೇ. ನಿನ್ನ ಗಂಟಲು ನನಗೆ ಬರುವ ತನಕ ಆ ಮಾತನ್ನು ಹೇಳಿಸಿ ಹೇಳಿಸಿ ಜೀವ ತಿಂದಿದ್ದೆ. ಬಾಗಿಲ ಹೊರಗೆ ಒಂದೇ ಜೊತೆ ಚಪ್ಪಲಿ, ಹಗ್ಗದ ಮೇಲೆ ಒಂದೇ ಅಂಗಿ. ಬೆಳಿಗ್ಗೆ ನಾನು ಹೊರಟು ಮೂಲೆಯ ಟೀ ಅಂಗಡಿಯಲ್ಲಿ ನಿನ್ನ ಕೈಗೆ ಬೀಗದ ಕೈ ಕೊಟ್ಟ ಮೇಲೆ ನೀನು ಒಳಗೆ ಹೋಗಬೇಕು. "ಈಗ ತಾನೇ ಹೋದ್ಯಲ್ಲೋ" ಅಂತ ಆಕೆ ಕೇಳಿದರೆ "ಏನೋ ಮರೆತು ಬಂದೆ ಅಮ್ಮ" ಅನ್ನುತ್ತಿದ್ದೆ. "ದಿನಾ ಅದೇನು ಮರೀತೀಯೋ, ನಿನ್ನ ತಲೆ ಒಂದು ಬಿಟ್ಟು" ಅಂತ ಆಕೆ ಗೊಣಗುತ್ತಿದ್ದಳಂತೆ. ಭಾನುವಾರ ಇಬ್ಬರಿಗೂ ರಜ. ಅವತ್ತು ಇಡೀ ದಿನ ಪಿಸುಮಾತು. ನಗು ಬಂದರೆ ಬಾಯಿಗೆ ದಿಂಬು ತುರುಕಿಕೊಳ್ಳಬೇಕು, ಇದ್ದದ್ದು ಒಂದೇ ದಿಂಬು, ಅದಕ್ಕೂ ಜಗಳ.

ಹಗಲೆಲ್ಲ ನಾನು ಬಾಗಿಲು ತಟ್ಟಿದ ಕಡೆ ಒಳಗಿನಿಂದ "ಮನೇಲಿ ಯಾರೂ ಇಲ್ಲ" ಅನ್ನುತ್ತಿದ್ದರು. ಫಿಲ್ಟರ್ ಮಾರಾಟವಾಗದ ದಿನ ಸಪ್ಪೆ ಮುಖ ಹೊತ್ತು ಬಂದರೆ ಟ್ರಂಕಿನ ಮೇಲೆ ತಟ್ಟೆ ಮುಚ್ಚಿಟ್ಟ ಬ್ರೆಡ್ಡಿನ ತುದಿಗಳು ಇರುತ್ತಿದ್ದವು. ಯಾರೂ ಕೊಳ್ಳದ ತುದಿಚೂರುಗಳನ್ನು ಕಾರ್ಖಾನೆಯಲ್ಲಿ ನಿಮಗೆ ಹಂಚುತ್ತಿದ್ದರು. ನಿನ್ನ ಪಾಲಿನದು ನನ್ನ ಊಟ. ನೀನು ಏನು ತಿನ್ನುತ್ತಿದ್ದೆ ಅಂತ ನಾನು ಯಾವತ್ತೂ ಕೇಳಲಿಲ್ಲ. ಈಗ ನೆನೆಸಿಕೊಂಡರೆ ಅದಕ್ಕೇ ಹೆಚ್ಚು ನಾಚಿಕೆಯಾಗುತ್ತದೆ.

ಆಮೇಲೆ ಕಂಪನಿ ನನ್ನನ್ನು ಬೇರೆ ಊರಿಗೆ ಕಳಿಸಿತು. ಬಸ್ಸು ಹತ್ತಿಸಲು ನೀನು ಪಾಳಿ ಮುಗಿಸಿ ನೇರವಾಗಿ ಬಂದಿದ್ದೆ, ಹುಬ್ಬಿನ ಮೇಲೆಲ್ಲ ಹಿಟ್ಟು. ಆ ಕಂಪನಿಯಲ್ಲಿ ನಾನು ಒಂದೊಂದೇ ಮೆಟ್ಟಿಲು ಮೇಲೇರಿದೆ. ಮಾರುವುದು ಹೇಗೆ ಅಂತ ಹೊಸಬರಿಗೆ ಪಾಠ ಹೇಳುವುದೇ ಈಗ ನನ್ನ ಕೆಲಸ. ಪಾಠದ ಕೊನೆಗೆ ನನ್ನ ಕಷ್ಟದ ಕಥೆ ಇರಬೇಕು, ಇಲ್ಲದಿದ್ದರೆ ಚಪ್ಪಾಳೆ ಬೀಳುವುದಿಲ್ಲ. ಆಣೆ ಮಾಡಿ ಹೇಳುತ್ತೇನೆ, ಮೊದಮೊದಲು ಆ ಕಥೆಯಲ್ಲಿ ನೀನಿದ್ದೆ. ಆದರೆ ನಿನ್ನ ವಿಷಯ ಬಂದರೆ ಜನ ನಗುತ್ತಿದ್ದರು, ಕಣ್ಣು ಒರೆಸಿಕೊಳ್ಳುತ್ತಿರಲಿಲ್ಲ. ಒಂದು ಊರಲ್ಲಿ ಮೇಲಿನಮ್ಮನನ್ನು ಬಿಟ್ಟೆ. ಇನ್ನೊಂದು ಊರಲ್ಲಿ ಬ್ರೆಡ್ಡು ತಂದವನು ಹೋಗಿ ಬ್ರೆಡ್ಡಿನ ತುದಿ ಮಾತ್ರ ಉಳಿಯಿತು. ಕೊನೆಗೆ, "ಆ ಊರಲ್ಲಿ ನನಗೆ ಯಾರೂ ಇರಲಿಲ್ಲ. ಬಾಡಿಗೆ ರೂಮಿನಲ್ಲಿ ಒಬ್ಬನೇ ಮಲಗುತ್ತಿದ್ದೆ" ಅನ್ನುವಲ್ಲಿಗೆ ಬಂದು ನಿಂತಿತು. ಒಬ್ಬನೇ ಮಲಗುತ್ತಿದ್ದದ್ದು ಸುಳ್ಳಲ್ಲವಲ್ಲ, ನೀನು ರಾತ್ರಿ ಕೆಲಸಕ್ಕೆ ಹೋಗಿರುತ್ತಿದ್ದೆಯಲ್ಲ, ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಾರುವವನ ಬುದ್ಧಿ ನೋಡು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುವ ಜಾತಿ ನಾನು.

ಇದೇ ಊರಿಗೆ ಎರಡು ದಿನದ ತರಬೇತಿಗೆ ಹೋಗಬೇಕು ಅಂತ ಕಂಪನಿ ಹೇಳಿತು. ನಿನ್ನನ್ನು ನೋಡಬಹುದು ಅಂತ ಸಂತೋಷ ಆಗಬೇಕಿತ್ತು, ನೋಡು. ನನಗೆ ಆದದ್ದು ಹೆದರಿಕೆ. ಇಷ್ಟು ದೊಡ್ಡ ಊರಲ್ಲಿ ಯಾರಿಗೆ ಗೊತ್ತಾಗುತ್ತದೆ ಅಂತ ಧೈರ್ಯ ತಂದುಕೊಂಡು ನಿನ್ನೆ ಅದೇ ಕಥೆ ಹೇಳಿದೆ. ಹೋಟೆಲಿನ ಆ ಹಾಲ್‌ನಲ್ಲಿ ದೀಪ ಮಂಕಾಗಿತ್ತು, ಹಿಂದೆ ಮೈಕಿನ ಮೇಜಿನ ಹತ್ತಿರ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತವನು ನನಗೆ ಕಾಣಲಿಲ್ಲ. ಚಪ್ಪಾಳೆಯಾಯಿತು. ನನ್ನ ಕಾಲರಿನ ಮೈಕು ಬಿಚ್ಚಲು ಯಾರೋ ಬಂದರು. "ಸ್ವಲ್ಪ ಕತ್ತು ಆ ಕಡೆ" ಅಂತ ಪಿಸುಗುಟ್ಟಿದರು. ತಲೆ ಬೋಳಾಗಿ ಗಡ್ಡ ನರೆತಿದ್ದ ಆ ಮುಖ ಯಾರದೋ. ಭಾನುವಾರದ ಆ ಪಿಸುಮಾತು ಮಾತ್ರ ನಿನ್ನದು.

ಆಗ ಬಾಗಿಲ ಹತ್ತಿರದಿಂದ ನಮ್ಮ ಮ್ಯಾನೇಜರು ಕೂಗಿದರು: "ಯಾರದು, ಸಾರ್ ಜೊತೆ?"

ನಾನು ಬಾಯಿ ತೆರೆದಿದ್ದೆ. ಏನು ಹೇಳುತ್ತಿದ್ದೆನೋ ನನಗೇ ತಿಳಿಯದು. ನೀನು ಅದಕ್ಕೆ ಬಿಡಲಿಲ್ಲ. ಆಗೆಲ್ಲ ಮೇಲಿನಮ್ಮನಿಂದ ನನ್ನನ್ನು ಕಾಪಾಡುತ್ತಿದ್ದ ಹಾಗೆಯೇ, ಅದೇ ದನಿಯಲ್ಲಿ ಅಂದೆ: "ಯಾರೂ ಇಲ್ಲ ಸಾರ್, ಮೈಕಿನವನು."

ನಾನು ಸುಮ್ಮನಿದ್ದೆ ಕಣೋ. ಸುಮ್ಮನಿದ್ದದ್ದೂ ಸಾಲದು ಅಂತ "ಥ್ಯಾಂಕ್ಸ್ ರೀ" ಅಂದೆ. ನಿನಗೆ, "ರೀ". ಎಲುಬಿಲ್ಲದ ನಾಲಿಗೆ ಅನ್ನುತ್ತಾರಲ್ಲ, ನಿನ್ನೆ ನನ್ನ ಮೈಯಲ್ಲೇ ಎಲುಬಿರಲಿಲ್ಲ. ಹುಡುಗರು ಫೋಟೋಕ್ಕೆ ಸುತ್ತುವರಿದರು. ನಗುತ್ತಾ ನಿಂತೆ. ತಿರುಗಿ ನೋಡಿದಾಗ ನೀನು ವಯರು ಸುತ್ತಿಟ್ಟು ಹೋಗಿಬಿಟ್ಟಿದ್ದೆ. ಬ್ರೆಡ್ ಕಾರ್ಖಾನೆ ಯಾವಾಗ ಬಿಟ್ಟೆ, ಹೇಗಿದ್ದೀಯ, ಒಂದು ಮಾತೂ ಕೇಳಲಾಗಲಿಲ್ಲ.

ಇವತ್ತು ಎರಡನೇ ತಂಡಕ್ಕೆ ನಿಜವನ್ನೇ ಹೇಳಿದೆ, ಚಪ್ಪಲಿ, ಹಗ್ಗದ ಅಂಗಿ, ದಿಂಬು ಎಲ್ಲ. ಮೈಕಿನ ಮೇಜಿನಲ್ಲಿ ಬೇರೆ ಯಾರೋ ಇದ್ದರು. ವಿಚಾರಿಸಿದರೆ, "ಅವರು ಇವತ್ತು ಬೇರೆ ಹಾಲ್ ಕೇಳಿ ಹಾಕಿಸಿಕೊಂಡ್ರು ಸಾರ್" ಅಂದರು. ಕೇಳಬೇಕಾದವನು ಇಲ್ಲದಾಗ ನಿಜ ಹೇಳುವುದು ಬಹಳ ಸುಲಭ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕೈ ಎತ್ತಿ, "ಸಾರ್, ಅವರು ಈಗ ಎಲ್ಲಿದ್ದಾರೆ?" ಅಂದಳು. "ನಿನ್ನೆ ಇಲ್ಲೇ ಇದ್ದ" ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಚಪ್ಪಾಳೆಯೂ ಅಷ್ಟಕ್ಕಷ್ಟೇ.

ಅಲ್ಲಿಂದ ನೇರವಾಗಿ ಈ ಬೀದಿಗೆ ಬಂದೆ. ನೀನು ಇನ್ನೂ ಇಲ್ಲೇ ಇರುತ್ತೀಯ ಅಂತ ಅಲ್ಲ, ಬೇರೆ ಎಲ್ಲಿಗೆ ಹೋಗಬೇಕೋ ಗೊತ್ತಿರಲಿಲ್ಲ. ಗೇಟಿಗೆ ಇನ್ನೂ ಎಣ್ಣೆ ಹಾಕಿಲ್ಲ. ಕಿರ್ ಅಂದಿತು. ಮೇಲಿನಿಂದ "ಯಾರದು?" ನನ್ನ ಗಂಟಲು ನನ್ನನ್ನು ಕೇಳದೆ ತಾನೇ ಹೇಳಿಬಿಟ್ಟಿತು: "ಯಾರೂ ಇಲ್ಲಮ್ಮ, ನಾನೇ."

ಆಮೇಲೆ ಆಕೆ ಕೇಳಿದಳು: "ನಾನೇ ಅಂದ್ರೆ ಯಾವನು? ಹಗಲಿನವನೋ, ರಾತ್ರಿಯವನೋ?"

ಮೆಟ್ಟಿಲ ಮೇಲೆ ಕೂತೆ. "ನಿಮಗೆ ಗೊತ್ತಿತ್ತಾ ಅಮ್ಮ?" ಅಂದೆ. "ನನ್ನ ಮಂಡಿ ಹೋಗಿತ್ತು ಕಣೋ, ಕಿವಿ ಹೋಗಿರಲಿಲ್ಲ. ಒಬ್ಬ ಕಾಲೆಳೆದು ನಡೀತಿದ್ದ, ಇನ್ನೊಬ್ಬ ಬಿರಬಿರ ನಡೀತಿದ್ದ. ಇಬ್ಬರೂ ಸೇರಿ ಒಬ್ಬನಾಗೋಕೆ ಅಷ್ಟು ಒದ್ದಾಡ್ತಿದ್ರಿ, ಮಧ್ಯ ನಾನ್ಯಾಕೆ ಬಾಯಿ ಹಾಕ್ಲಿ ಅಂತ ಸುಮ್ನಿದ್ದೆ. ರಾತ್ರಿಯವನು ಇನ್ನೇನು ಬರ್ತಾನೆ, ಕೂತಿರು" ಅಂದಳು.

ಒಂದು ದಿನವೂ ಕೆಳಗಿಳಿದು ನೋಡದ ಆಕೆಯ ನೆನಪಿನಲ್ಲಿ ನಾವಿಬ್ಬರೂ ಇದ್ದೇವೆ. ಜೊತೆಗೆ ಬದುಕಿದ ನನ್ನ ಕಥೆಯಲ್ಲಿ ಒಬ್ಬನೇ. ಉಂಡ ಮನೆಗೆ ಎರಡು ಬಗೆಯುವವರನ್ನು ಜನ ಬೈಯುತ್ತಾರೆ, ಇಬ್ಬರನ್ನು ಒಬ್ಬನನ್ನಾಗಿ ಮಾಡಿದವನಿಗೆ ಏನು ಹೇಳಬೇಕೋ. ಕ್ಷಮಿಸು ಅನ್ನಲೂ ನನಗೆ ನಾಚಿಕೆಯಾಗುತ್ತಿದೆ. ನೀನು ನನ್ನನ್ನು ಕಂಡು ಗೇಟಿನಿಂದಲೇ ಹಿಂದಿರುಗಿದರೂ ತಪ್ಪಿಲ್ಲ.

ನೀನು ಗೇಟು ತೆರೆಯುವ ಮೊದಲೇ ಅದರ ಮೇಲಿಂದ ಈ ಕಾಗದ ಕೈಗೆ ಕೊಡುತ್ತೇನೆ, ಓದಿ ಹಿಂದಿರುಗದಿದ್ದರೆ ಒಂದು ಮಾತು ನಡೆಸಿಕೊಡು. ಗೇಟು ಕಿರ್ ಅಂದಾಗ ಆಕೆ ಕೇಳೇ ಕೇಳುತ್ತಾಳೆ. ಅಭ್ಯಾಸಬಲದಿಂದ ನೀನು ಬಾಯಿ ತೆಗೆಯಬೇಡ. ಇವತ್ತು ಉತ್ತರ ನಾನು ಕೊಡುತ್ತೇನೆ, ಪಿಸುಮಾತಿನಲ್ಲಲ್ಲ, ಬೀದಿಗೆಲ್ಲ ಕೇಳುವ ಹಾಗೆ: "ಇಬ್ಬರಿದ್ದೀವಮ್ಮ."

ನಿನ್ನ ದಿಂಬಿನ ಮೇಲೆ ಒಳ್ಳೆಯ ನಿದ್ದೆ ಬರಲಿ.

ಇಂತಿ, ಇಬ್ಬರಲ್ಲಿ ಒಬ್ಬ,
ಹಗಲಪ್ಪ