ನಿನ್ನ ವಾದ, ನನ್ನ ಬಾಯಲ್ಲಿ

ಶುಕ್ರವಾರ, ಮಾರ್ಚ್ ೮

ಮುನಿಸಿಕೊಂಡಿರುವ ನನ್ನ ತಂಗಿಗೆ,

ಅಣ್ಣನ ಕಾಗದ ಎಂದು ಓದದೆ ಹರಿಯಬೇಡ. ಇಷ್ಟು ಬರೆಯಲು ಎರಡು ದಿನ ಹಿಡಿದಿದೆ. ಉಳಿ ಒಗ್ಗಿದ ಹಾಗೆ ಪೆನ್ನು ನನ್ನ ಕೈಗೆ ಒಗ್ಗುವುದಿಲ್ಲ, ನಿನಗೆ ಗೊತ್ತೇ ಇದೆ.

ಏಳು ಭಾನುವಾರಗಳಿಂದ ಚರ್ಚಿನಲ್ಲಿ ನಿನ್ನ ಜಾಗ ಖಾಲಿ. ಕಿಟಕಿ ಪಕ್ಕದ ಆ ಬೆಂಚಿನಲ್ಲಿ ಬೇರೆ ಯಾರೂ ಕೂರುತ್ತಿಲ್ಲ. ಪಾದ್ರಿಗಳು ಊರಲ್ಲಿಲ್ಲದ ಒಂದು ಭಾನುವಾರ ನೀನು ಪೀಠದಲ್ಲಿ ನಿಂತು ಪ್ರಸಂಗ ಮಾಡಲಿ ಎಂಬ ಮಾತು ಬಂದಾಗ, ಸಭೆಯ ಹಿರಿಯನೆಂಬ ಗತ್ತಿನಲ್ಲಿ ಎದ್ದು ನಿಂತವನು ನಾನು. ಹೆಂಗಸರು ಸಭೆಯಲ್ಲಿ ಮೌನವಾಗಿರಬೇಕೆಂಬ ಅಪೊಸ್ತಲ ಪೌಲನ ಪತ್ರದ ಮಾತನ್ನು ಸತ್ಯವೇದದಿಂದ ಗಟ್ಟಿಯಾಗಿ ಓದಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಅದು ವಾದವಾಗುತ್ತಿತ್ತು. "ಟೀಚರಮ್ಮ, ನಿಮ್ಮ ಪಾಠ ಶಾಲೇಲಿ ಇಟ್ಕೊಳ್ಳಿ" ಎಂದೂ ಅಂದೆ. ಎಲ್ಲರೂ ನಕ್ಕರು. ನೀನು ಚೀಲ ಎತ್ತಿಕೊಂಡು ಹೊರಗೆ ಹೋದೆ.

ಪಾದ್ರಿಗಳು ತೀರ್ಮಾನಕ್ಕೆ ಅವಸರ ಮಾಡಿಲ್ಲ. ಒಂದು ನಿಯಮ ಹಾಕಿದ್ದಾರೆ: ಯಾರೇ ಆಗಲಿ, ಎದುರಿನವರ ವಾದವನ್ನು ಅವರೇ ಹೌದೆಂದು ತಲೆಯಾಡಿಸುವ ಹಾಗೆ ಹೇಳಿದ ಮೇಲೇ ತಮ್ಮ ವಾದ ಹೇಳಬೇಕು. ಕಳೆದ ವಾರ ನನ್ನ ಸರದಿ. ಪೌಲನ ಮಾತು ಹಳೇ ಕಾಲದ್ದು, ಈಗ ಅದು ಬೇಡ ಅನ್ನುತ್ತಾಳೆ ನನ್ನ ತಂಗಿ ಎಂದೆ. ಪಾದ್ರಿಗಳು, "ಇದು ನಿಮ್ಮ ಮಾತೇ ಕಣ್ರೀ, ತಂಗಿ ವೇಷ ಹಾಕ್ಕೊಂಡಿದೆ ಅಷ್ಟೇ" ಅಂದರು. ಈ ಸಲ ಜನ ನಕ್ಕಿದ್ದು ನನ್ನನ್ನು ನೋಡಿ. ಮಾಡಿದ್ದುಣ್ಣೋ ಮಹರಾಯ!

ನೀನು ಬೆಂಚಿನಲ್ಲಿ ಬಿಟ್ಟುಹೋದ ನೋಟುಬುಕ್ಕನ್ನು ಮನೆಗೆ ತಂದು ಓದಿದೆ. ಕೇಳದೆ ಓದಿದ್ದಕ್ಕೆ ಬೈದುಕೋ. ನೀನು ಪೌಲನನ್ನು ತಳ್ಳಿಹಾಕಿಯೇ ಇಲ್ಲವಲ್ಲ! ಅದೇ ಪತ್ರದಲ್ಲಿ, ಸ್ವಲ್ಪ ಹಿಂದೆ, ಹೆಂಗಸರು ಪ್ರಾರ್ಥಿಸುವಾಗ, ದೇವರ ಮಾತು ಪ್ರವಾದಿಸುವಾಗ ಹೇಗಿರಬೇಕೆಂದು ಅವನೇ ಹೇಳಿದ್ದಾನೆ. ಬಾಯಿ ತೆರೆಯಲೇಬಾರದೆಂದಿದ್ದರೆ ಅದನ್ನೇಕೆ ಹೇಳುತ್ತಿದ್ದ, ಮೌನದ ಆ ಮಾತು ಗದ್ದಲವೆದ್ದ ಒಂದು ಸಭೆಗೆ ಬರೆದ ಬುದ್ಧಿಮಾತು ಎಂದು ಬರೆದಿದ್ದೀಯ. ಮೂರು ಸಲ ಓದಿದೆ. ಒಪ್ಪಿದೆ ಎಂದು ಸುಳ್ಳು ಹೇಳಲಾರೆ. ಸುಮ್ಮನೆ ಪಕ್ಕಕ್ಕಿಡಲೂ ಆಗುತ್ತಿಲ್ಲ.

ಓದುವಾಗ ಬೆರಳು ಸಾಲಿನ ಕೆಳಗೇ ಸರಿಯುತ್ತಿತ್ತು. ಆ ಅಭ್ಯಾಸ ಕಲಿಸಿದವಳು ನೀನೇ. ಮೀಸೆ ಬಂದರೂ ಕೂಡಿಸಿ ಓದಲು ಬಾರದ ಅಣ್ಣನನ್ನು ಮರಗೆಲಸದ ಮೇಜಿನ ಮುಂದೆ ಕೂರಿಸಿ, ಅಪ್ಪನ ಸತ್ಯವೇದ ತೆರೆದು, ಒಂದೊಂದೇ ಅಕ್ಷರ ಹೇಳಿಕೊಟ್ಟೆ. ಹೊರಗೆ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಆ ದಿನ ಸಭೆಯಲ್ಲಿ ಅದೊಂದು ಮಾತು ಆಡಿದ್ದರೆ ನನ್ನ ಮಾನ ಮೂರು ಕಾಸಿಗೆ ಹರಾಜಾಗುತ್ತಿತ್ತು. ನೀನು ಆಡಲಿಲ್ಲ. ನನಗೆ ನಾಚಿಕೆಯಾಗಿದೆ, ತಂಗೀ.

ಈ ಭಾನುವಾರ ಎದ್ದು ನಿಂತು, ನನಗೆ ಓದು ಕಲಿಸಿದವಳು ನೀನೇ ಎಂದು ಮೊದಲು ಹೇಳುತ್ತೇನೆ. ಆಮೇಲೆ ನಿನ್ನ ವಾದ. ತಪ್ಪಿದರೆ ತಿದ್ದಲು, ಸರಿಯಿದ್ದರೆ ತಲೆಯಾಡಿಸಲು ನೀನೇ ಅಲ್ಲಿರಬೇಕು. ಬಂದುಬಿಡು.

ನಿನ್ನ ಮೊಂಡ
ಅಣ್ಣ

ತಾ.ಕ.: ತೀರ್ಮಾನದ ಹೊತ್ತಿಗೆ ನನ್ನ ಕೈ ಯಾವ ಕಡೆ ಏಳುತ್ತದೋ ನನಗೇ ಗೊತ್ತಿಲ್ಲ. ಆದರೆ ಪ್ರಸಂಗಪೀಠವನ್ನು ಉದ್ದನೆಯ ಗಂಡಸರ ಅಳತೆಗೆ ಮಾಡಿದವನು ನಾನೇ. ಅದರ ಅಂಚು ನಿನ್ನ ಮೂಗಿಗೆ ಬರುತ್ತದೆ. ನಿನ್ನೆ ಒಂದು ಮೆಟ್ಟಿಲು ಮಾಡಿ ಪೀಠದ ಹಿಂದೆ ಇಟ್ಟುಬಂದೆ. ನಾನೇ ಹತ್ತಿ ನಿಂತು ನೋಡಿದ್ದೇನೆ, ಅಲುಗಾಡುವುದಿಲ್ಲ.